ಕಪ್ಪಿನ ಸೂಕ್ಷ್ಮರಚನೆ ಮತ್ತು ಬಿಸಿಲಿನ ಕಾವು

೧. ವಿಷಯ ಪ್ರವೇಶ

ಬಿಸಿಲಿನಲ್ಲಿರಿಸಿದ ಕಪ್ಪು ವಸ್ತುವು ಬಿಳಿಯ ವಸ್ತುವಿಗಿಂತ ಬೇಗನೆ ಕಾಯುತ್ತದೆಂಬುದು ಪ್ರಾಥಮಿಕ ಶಾಲೆಯ ವಿದ್ಯಾರ್ಥಿಯೂ ಬಲ್ಲ ಸಂಗತಿ. ಆದರೆ ವಸ್ತುವನ್ನು ಕಪ್ಪಾಗಿಸುವುದು ಯಾವುದು? ಕಪ್ಪಾದುದೆಲ್ಲವೂ ಒಂದೇ ಪ್ರಮಾಣದಲ್ಲಿ ಕಾಯುವುದೇ? ಕಾದ ವಸ್ತುವು ತನ್ನ ಕಾವನ್ನು ಉಳಿಸಿಕೊಳ್ಳುವುದು ಹೇಗೆ? ಈ ಪ್ರಶ್ನೆಗಳಿಗೆ ಉತ್ತರ ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಕಳೆದ ಕೆಲವು ದಶಕಗಳಲ್ಲಿ ಬೆಳಕಿನ ತರಂಗಾಂತರಕ್ಕಿಂತಲೂ ಕಿರಿದಾದ ರಚನೆಗಳನ್ನು ನೋಡುವ ಮತ್ತು ನಿರ್ಮಿಸುವ ಸಾಧನಗಳು ದೊರೆತ ಮೇಲೆ ಈ ಹಳೆಯ ಪ್ರಶ್ನೆಗಳು ಹೊಸ ರೂಪವನ್ನು ತಾಳಿವೆ.

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಇವು ಕೇವಲ ಪಠ್ಯಪುಸ್ತಕದ ಪ್ರಶ್ನೆಗಳಲ್ಲ. ಇಲ್ಲಿನ ಮುಖ್ಯ ಬೆಳೆ ಅಡಿಕೆ. ಹಣ್ಣಡಿಕೆಯನ್ನು ಸಿಪ್ಪೆಸಹಿತವಾಗಿ ಅಂಗಳದಲ್ಲಿ ಹರವಿ, ಮೂವತ್ತೈದು ನಲವತ್ತು ದಿನಗಳ ಕಾಲ ಬಿಸಿಲಿಗೆ ಒಣಗಿಸಿ, ಅನಂತರ ಸುಲಿದು ಚಾಲಿ ಮಾಡುವುದು ಈ ಸೀಮೆಯ ಪದ್ಧತಿ. ವರ್ಷಕ್ಕೆ ೩,೫೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ನಾಡಿನಲ್ಲಿ, ಕೊಯ್ಲಿನ ಕಾಲದಲ್ಲಿ ಅಕಾಲದ ಮಳೆಯೊಂದು ಬಿದ್ದಿತೆಂದರೆ ಅಂಗಳದ ಅಡಿಕೆಗೆ ಬೂಷ್ಟು ಹಿಡಿಯುತ್ತದೆ. ವರ್ಷದ ದುಡಿಮೆಯ ಬೆಲೆ ಕೆಳದರ್ಜೆಗೆ ಇಳಿಯುತ್ತದೆ. ಹೀಗಿರುವಾಗ ಬಿಸಿಲನ್ನು ಹೆಚ್ಚು ಸಮರ್ಥವಾಗಿ ಹಿಡಿಯುವ ಸೂಕ್ಷ್ಮಲೇಪಗಳು ನಮ್ಮ ಅಂಗಳಕ್ಕೆ ನೆರವಾಗಬಲ್ಲವೇ ಎಂದು ಕೃಷಿಕರ ಮಕ್ಕಳೇ ಆದ ನಮ್ಮ ವಿದ್ಯಾರ್ಥಿಗಳು ಕೇಳುವುದು ಸಹಜ. ಈ ಲೇಖನದಲ್ಲಿ ನಾವು ಮೊದಲು ಬೆಳಕಿನ ಹೀರಿಕೆಯ ತತ್ತ್ವವನ್ನು ವಿವರಿಸಿ, ಬಳಿಕ ಇದೇ ಸೀಮೆಯ ತೋಟಗಳಲ್ಲಿ ಹಾರುವ ಚಿಟ್ಟೆಯೊಂದರ ರೆಕ್ಕೆಯನ್ನೂ, ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ತಯಾರಾದ ಲೇಪವೊಂದನ್ನೂ ಪರಿಶೀಲಿಸಿ, ಕಡೆಯಲ್ಲಿ ಮೇಲಿನ ಪ್ರಶ್ನೆಗೆ ಲೆಕ್ಕಸಹಿತವಾಗಿ ಉತ್ತರ ಕೊಡಲು ಯತ್ನಿಸುತ್ತೇವೆ.

೨. ಹೀರಿಕೆ ಎಂದರೇನು?

ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು ೪೦೦ರಿಂದ ೭೦೦ ನ್ಯಾನೊಮೀಟರು. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗವೇ ನ್ಯಾನೊಮೀಟರು. ಸೂರ್ಯನಿಂದ ನೆಲಕ್ಕೆ ಬರುವ ಶಕ್ತಿಯು ಇದಕ್ಕಿಂತ ವಿಸ್ತಾರವಾಗಿ, ಸುಮಾರು ೩೦೦ರಿಂದ ೨,೫೦೦ ನ್ಯಾನೊಮೀಟರುಗಳ ವರೆಗೆ ಹರಡಿದೆ. ಅದರಲ್ಲಿ ಅರ್ಧದಷ್ಟು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿರುತ್ತದೆ. ತಿಳಿಯಾದ ನಡುಹಗಲಿನಲ್ಲಿ ಬಿಸಿಲಿಗೆ ಎದುರಾಗಿರುವ ಒಂದು ಚದರ ಮೀಟರಿನ ಮೇಲೆ ಬೀಳುವ ಶಕ್ತಿ ಸುಮಾರು ೧,೦೦೦ ವಾಟ್.

ವಸ್ತುವಿನ ಮೇಲೆ ಬಿದ್ದ ಬೆಳಕಿಗೆ ಮೂರೇ ಗತಿಗಳುಂಟು. ಒಂದು ಭಾಗ ಪ್ರತಿಫಲಿಸುತ್ತದೆ, ಒಂದು ಭಾಗ ಹಾಯ್ದು ಹೋಗುತ್ತದೆ, ಉಳಿದುದು ಹೀರಲ್ಪಡುತ್ತದೆ. ಹೀರಲ್ಪಟ್ಟ ಬೆಳಕು ವಸ್ತುವಿನ ಎಲೆಕ್ಟ್ರಾನುಗಳನ್ನು ಮೇಲಿನ ಶಕ್ತಿಮಟ್ಟಕ್ಕೆ ಏರಿಸುತ್ತದೆ. ಅವು ಕೆಳಗಿಳಿಯುವಾಗ ಆ ಶಕ್ತಿಯನ್ನು ಪರಮಾಣುಗಳ ಕಂಪನಕ್ಕೆ ಒಪ್ಪಿಸುತ್ತವೆ. ಲೋಹಗಳಲ್ಲಿ ಈ ಹಸ್ತಾಂತರವು ಒಂದು ಸೆಕೆಂಡಿನ ಲಕ್ಷಕೋಟಿಯ ಕೆಲವೇ ಭಾಗಗಳಷ್ಟು ಅವಧಿಯಲ್ಲಿ ಮುಗಿಯುತ್ತದೆ. ಪರಮಾಣುಗಳ ಈ ಕಂಪನವನ್ನೇ ನಾವು ಕಾವು ಎಂದು ಕರೆಯುತ್ತೇವೆ.

ಆದುದರಿಂದ ಹೆಚ್ಚು ಕಾವು ಬೇಕಾದರೆ ಎರಡು ಕೆಲಸಗಳಾಗಬೇಕು: ಬೆಳಕು ಮೇಲ್ಮೈಯಿಂದ ಹಿಂದಿರುಗದೆ ಒಳಗೆ ಹೋಗಬೇಕು, ಒಳಗೆ ಹೋದುದು ಹೊರಬೀಳುವ ಮುನ್ನ ಹೀರಲ್ಪಡಬೇಕು. ವಿಚಿತ್ರವೆಂದರೆ ಇವೆರಡೂ ಒಂದಕ್ಕೊಂದು ವಿರೋಧಿಗಳು. ಲೋಹವು ಬೆಳಕನ್ನು ಹತ್ತಾರು ನ್ಯಾನೊಮೀಟರುಗಳ ಆಳದಲ್ಲಿಯೇ ನಂದಿಸಬಲ್ಲುದು. ಆದರೆ ಅದರ ಬಹುಭಾಗವನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುತ್ತದೆ. ಗಾಜು ಬೆಳಕನ್ನು ಒಳಗೆ ಬಿಡುತ್ತದೆ; ಆದರೆ ಹೀರುವುದಿಲ್ಲ. ಈ ವಿರೋಧವನ್ನು ಪರಿಹರಿಸುವುದು ವಸ್ತುವಿನ ಗುಣವಲ್ಲ, ಅದರ ರಚನೆ.

ಇದಕ್ಕೆ ಮನೆಯೊಳಗಿನ ಉದಾಹರಣೆಯೊಂದಿದೆ. ಹಣತೆಯ ಉರಿಯ ಮೇಲೆ ಹಿಡಿದ ತಟ್ಟೆಗೆ ಅಂಟುವ ಮಸಿಯೂ ಪೆನ್ಸಿಲಿನೊಳಗಿನ ಸೀಸದ ಮುಖ್ಯ ದ್ರವ್ಯವಾದ ಗ್ರಾಫೈಟೂ ಮುಖ್ಯವಾಗಿ ಇಂಗಾಲವೇ. ಆದರೆ ನಯಗೊಳಿಸಿದ ಗ್ರಾಫೈಟು ಲೋಹದಂತೆ ಮಿರುಗುತ್ತದೆ. ಮಸಿಯಾದರೋ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ತೊಂಬತ್ತೈದರಷ್ಟನ್ನು ನುಂಗಿಬಿಡುತ್ತದೆ. ಮಸಿಯು ಕೆಲವು ಹತ್ತು ನ್ಯಾನೊಮೀಟರು ವ್ಯಾಸದ ಗುಂಡುಕಣಗಳು ಸರಪಣಿಯಾಗಿ ಹೆಣೆದುಕೊಂಡ, ಬಹುಪಾಲು ಗಾಳಿಯೇ ತುಂಬಿರುವ ಜಾಲ. ಬೆಳಕಿಗೆ ಇಲ್ಲಿ ಗಾಳಿಯಿಂದ ಇಂಗಾಲಕ್ಕೆ ಥಟ್ಟನೆ ದಾಟುವ ಗಡಿಯೇ ಇಲ್ಲ. ಗಡಿಯಿಲ್ಲದ ಕಡೆ ಪ್ರತಿಫಲನವೂ ಇಲ್ಲ. ನಮ್ಮ ಹಿರಿಯರು ಕಾಡಿಗೆಯನ್ನು ಕಟ್ಟುವಾಗ ತಿಳಿಯದೆಯೇ ನ್ಯಾನೊ ಅಳತೆಯ ರಚನೆಯನ್ನು ತಯಾರಿಸುತ್ತಿದ್ದರೆಂದರೆ ತಪ್ಪಾಗದು.

ಬಣ್ಣವು ದ್ರವ್ಯದಿಂದ ಮಾತ್ರವೇ ಬರುವುದಿಲ್ಲ, ರಚನೆಯಿಂದಲೂ ಬರುತ್ತದೆ ಎಂಬ ವಿಚಾರಕ್ಕೆ ಕರ್ನಾಟಕದ ವಿಜ್ಞಾನದಲ್ಲಿ ಹಳೆಯ ಪರಂಪರೆಯಿದೆ. ೧೯೩೦ರ ದಶಕದ ನಡುವಿನಲ್ಲಿ ಬೆಂಗಳೂರಿನಲ್ಲಿದ್ದ ಸರ್ ಸಿ. ವಿ. ರಾಮನ್ ಅವರು ಹಕ್ಕಿಗಳ ಗರಿಗಳ ಬಣ್ಣಗಳನ್ನೂ ಚಿಪ್ಪುಗಳ ಮಿನುಗನ್ನೂ ಕುರಿತು ಲೇಖನಗಳನ್ನು ಪ್ರಕಟಿಸಿದರು. ಅವರು ಪರಿಶೀಲಿಸಿದ ಹಕ್ಕಿಗಳಲ್ಲಿ ಇಂದು ಕರ್ನಾಟಕದ ರಾಜ್ಯಪಕ್ಷಿಯಾಗಿರುವ ನೀಲಕಂಠವೂ ಒಂದು. ಆ ಗರಿಯ ನೀಲಿಯು ನೀಲಿ ದ್ರವ್ಯದಿಂದ ಬಂದುದಲ್ಲ. ಗರಿಯೊಳಗಿನ ಸೂಕ್ಷ್ಮರಚನೆಯಿಂದ ಬಂದುದು. ನೀಲಿಗೆ ಸಲ್ಲುವ ಈ ಮಾತು ಕಪ್ಪಿಗೂ ಸಲ್ಲುತ್ತದೆಂಬುದು ಅನಂತರದ ಸಂಶೋಧನೆಯ ಫಲ.

೩. ಚಿಟ್ಟೆಯ ರೆಕ್ಕೆಯ ಸಾಕ್ಷ್ಯ

ಪುತ್ತೂರು, ಸುಳ್ಯ, ಕಡಬಗಳ ತೋಟದ ಅಂಚುಗಳಲ್ಲಿಯೂ ಕುಮಾರಪರ್ವತದ ಬುಡದ ಕಾಡುಗಳಲ್ಲಿಯೂ ಈಶ್ವರಬಳ್ಳಿ ಬೆಳೆಯುತ್ತದೆ. ಅದರ ಎಲೆಯನ್ನು ತಿಂದು ಬೆಳೆಯುವ ಚಿಟ್ಟೆಗಳಲ್ಲಿ ಎರಡನ್ನು ಇಲ್ಲಿ ಹೆಸರಿಸಬಹುದು. ಒಂದು, ಕರ್ನಾಟಕದ ರಾಜ್ಯಚಿಟ್ಟೆಯಾದ ಸಹ್ಯಾದ್ರಿಯ ದೊಡ್ಡ ಚಿಟ್ಟೆ, ಅಂದರೆ ಸದರ್ನ್ ಬರ್ಡ್‌ವಿಂಗ್. ಇನ್ನೊಂದು, ಕಾಮನ್ ರೋಸ್ ಎಂದು ಕರೆಯಲ್ಪಡುವ, ಕಪ್ಪು ರೆಕ್ಕೆಯ, ಕೆಂಪು ಮೈಯ ಚಿಟ್ಟೆ. ಈ ಎರಡನೆಯ ಚಿಟ್ಟೆಯ ರೆಕ್ಕೆಯ ಕಪ್ಪು ಭಾಗವು ದ್ಯುತಿವಿಜ್ಞಾನದ ಗ್ರಂಥಗಳನ್ನು ಪ್ರವೇಶಿಸಿದೆ.

ಚಿಟ್ಟೆಯ ರೆಕ್ಕೆಯನ್ನು ಮುಟ್ಟಿದಾಗ ಬೆರಳಿಗೆ ಅಂಟುವ ಪುಡಿಯು ಹುಡಿಯಲ್ಲ. ಅದು ಮಾಡಿನ ಹೆಂಚುಗಳಂತೆ ಸಾಲಾಗಿ ಜೋಡಿಸಿದ ಹುರುಪೆಗಳು. ಒಂದೊಂದು ಹುರುಪೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಉದ್ದ, ಕೆಲವೇ ಮೈಕ್ರೊಮೀಟರು ದಪ್ಪ. ಅದರ ಮೇಲ್ಮೈಯಲ್ಲಿ ಒಂದೆರಡು ಮೈಕ್ರೊಮೀಟರುಗಳ ಅಂತರದಲ್ಲಿ ಉದ್ದನೆಯ ಏಣುಗಳಿವೆ. ಏಣುಗಳ ನಡುವೆ, ಬೆಳಕಿನ ತರಂಗಾಂತರಕ್ಕಿಂತ ಕಿರಿದಾದ, ಒಂದೇ ಅಳತೆಯಲ್ಲದ, ಕ್ರಮವಿಲ್ಲದೆ ಹರಡಿದ ರಂಧ್ರಗಳಿವೆ. ಗೋಡೆಗಳು ಕೈಟಿನ್ ಎಂಬ ದ್ರವ್ಯದವು. ಅವುಗಳಲ್ಲಿ ಮೆಲನಿನ್ ಎಂಬ ಕಪ್ಪು ಬಣ್ಣದ ದ್ರವ್ಯ ಬೆರೆತಿದೆ.

ಮೆಲನಿನ್ ಇರುವುದರಿಂದಲೇ ರೆಕ್ಕೆ ಕಪ್ಪಾಗಿದೆ, ರಚನೆಗೆ ಇಲ್ಲೇನು ಕೆಲಸ ಎಂಬ ಸಂದೇಹ ಏಳಬಹುದು. ಇದನ್ನು ನಿವಾರಿಸುವ ಪ್ರಯೋಗ ಬಹು ಸರಳ. ರೆಕ್ಕೆಯನ್ನು ಕೈಟಿನ್ನಿನ ವಕ್ರೀಭವನಾಂಕಕ್ಕೆ ಸಮೀಪವಾದ ವಕ್ರೀಭವನಾಂಕವುಳ್ಳ ದ್ರವದಲ್ಲಿ ಮುಳುಗಿಸಬೇಕು. ಆಗ ರಂಧ್ರಗಳೆಲ್ಲ ದ್ರವದಿಂದ ತುಂಬಿ, ಬೆಳಕಿನ ದೃಷ್ಟಿಯಿಂದ ರಚನೆಯೇ ಅಳಿಸಿಹೋದಂತಾಗುತ್ತದೆ. ಮೆಲನಿನ್ ಮಾತ್ರ ಇದ್ದಷ್ಟೇ ಇರುತ್ತದೆ. ಹೀಗೆ ಮಾಡಿದಾಗ ಕಪ್ಪು ರೆಕ್ಕೆ ಕಂದುಬಣ್ಣಕ್ಕೆ ತಿರುಗಿ, ಬೆಳಕನ್ನು ಹಾಯಿಸತೊಡಗುತ್ತದೆ. ೨೦೦೪ರಲ್ಲಿ ಇಂಗ್ಲೆಂಡಿನ ಪೀಟರ್ ವುಕುಸಿಕ್ ಮತ್ತು ಸಂಗಡಿಗರು ಬೇರೊಂದು ಜಾತಿಯ ಚಿಟ್ಟೆಯಲ್ಲಿ ಈ ಪರೀಕ್ಷೆಯನ್ನು ನಡೆಸಿ, ಕಪ್ಪಿನ ಒಂದು ದೊಡ್ಡ ಪಾಲು ರಚನೆಗೇ ಸಲ್ಲತಕ್ಕದ್ದೆಂದು ತೋರಿಸಿದರು. ರಂಧ್ರಗಳು ಬೆಳಕನ್ನು ಅಡ್ಡಡ್ಡವಾಗಿ ಚದುರಿಸುತ್ತವೆ. ಚದುರಿದ ಬೆಳಕು ಹುರುಪೆಯೊಳಗೆ ಹೆಚ್ಚು ದೂರ ಸಾಗುತ್ತದೆ. ಹೆಚ್ಚು ದೂರ ಸಾಗಿದ ಬೆಳಕು ಹೆಚ್ಚು ಮೆಲನಿನ್ನನ್ನು ಸಂಧಿಸುತ್ತದೆ. ಸ್ವಲ್ಪ ಬಣ್ಣದಿಂದ ಹೆಚ್ಚು ಕಪ್ಪನ್ನು ಪಡೆಯುವ ಮಿತವ್ಯಯದ ಉಪಾಯವಿದು.

೨೦೧೭ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹ ತಂತ್ರವಿಜ್ಞಾನ ಸಂಸ್ಥೆಯ ರದ್ವಾನುಲ್ ಹಸನ್ ಸಿದ್ದೀಕ್ ಮತ್ತು ಸಂಗಡಿಗರು ನಮ್ಮ ಕಾಮನ್ ರೋಸ್ ಚಿಟ್ಟೆಯ ರಂಧ್ರಗಳ ಅಳತೆಯನ್ನೂ ಹರವನ್ನೂ ಅನುಸರಿಸಿ, ೧೩೦ ನ್ಯಾನೊಮೀಟರು ದಪ್ಪದ ಸಿಲಿಕಾನ್ ಪೊರೆಯಲ್ಲಿ ಅಂಥ ರಂಧ್ರಗಳನ್ನು ಕೊರೆದರು. ನಯವಾದ ಪೊರೆಗೆ ಹೋಲಿಸಿದಾಗ, ನೇರವಾಗಿ ಬಿದ್ದ ಬೆಳಕಿನ ಹೀರಿಕೆ ನೂರಕ್ಕೆ ೯೭ರಷ್ಟು ಹೆಚ್ಚಿತು. ೫೦ ಡಿಗ್ರಿ ಓರೆಯಾಗಿ ಬಿದ್ದ ಬೆಳಕಿಗೆ ಈ ಹೆಚ್ಚಳ ನೂರಕ್ಕೆ ೨೦೭ ಆಯಿತು. ಸೂರ್ಯನು ದಿನವಿಡೀ ನೆತ್ತಿಯ ಮೇಲಿರುವುದಿಲ್ಲವಾದ ಕಾರಣ ಓರೆಬೆಳಕಿನ ಈ ಲಾಭ ಗಮನಾರ್ಹವಾದುದು. ಆದರೆ ಇದು ಪೊರೆಯು ಹೀರುವ ಬೆಳಕಿನ ಹೆಚ್ಚಳವೇ ಹೊರತು ಸೌರಕೋಶದಿಂದ ದೊರೆಯುವ ವಿದ್ಯುತ್ತಿನ ಹೆಚ್ಚಳವಲ್ಲವೆಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

ಇನ್ನು ಕಾವಿನ ಮಾತು. ಚಿಟ್ಟೆಯ ಎದೆಯ ಸ್ನಾಯುಗಳು ತಕ್ಕಷ್ಟು ಬಿಸಿಯಾಗದೆ ಅದು ಹಾರಲಾರದು. ಬೆಳಗಿನ ಹೊತ್ತು ರೆಕ್ಕೆ ಬಿಚ್ಚಿ ಬಿಸಿಲಿಗೆ ಕುಳಿತುಕೊಳ್ಳುವುದು ಇದಕ್ಕಾಗಿಯೇ. ಆದರೆ ತೆಳ್ಳನೆಯ ರೆಕ್ಕೆಯಲ್ಲಿ ಕಾವು ಹರಿಯುವುದು ಬಹು ನಿಧಾನ. ಆದಕಾರಣ ಎದೆಗೆ ತಗುಲಿದ ಬುಡದ ಭಾಗದಿಂದ ಮಾತ್ರ ಅದಕ್ಕೆ ಪ್ರಯೋಜನ. ಅಂಚಿನ ಕಾವು ಗಾಳಿಯ ಪಾಲು. ಅತಿಯಾದ ಕಾವೂ ಅಪಾಯವೇ. ಅಮೆರಿಕದ ಕೊಲಂಬಿಯ ಮತ್ತು ಹಾರ್ವರ್ಡ್ ವಿಶ್ವವಿದ್ಯಾನಿಲಯಗಳ ವಿದ್ವಾಂಸರು ೨೦೨೦ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ರೆಕ್ಕೆಯ ಜೀವಂತ ಭಾಗಗಳಾದ ನರಗಳೂ ಗಂಡುಚಿಟ್ಟೆಯ ಗಂಧಗ್ರಂಥಿಗಳೂ ಇರುವೆಡೆಯ ಮೇಲ್ಮೈ ರಚನೆಯು ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಹೊರಸೂಸುತ್ತದೆ. ಅದರಿಂದ ಆ ಭಾಗಗಳು ತಂಪಾಗಿರುತ್ತವೆ. ಸುಮಾರು ೪೦ ಡಿಗ್ರಿ ಸೆಲ್ಸಿಯಸ್ ಮೀರಿದರೆ ಚಿಟ್ಟೆಯು ರೆಕ್ಕೆಯನ್ನು ತಿರುಗಿಸಿ ಬಿಸಿಲನ್ನು ತಪ್ಪಿಸಿಕೊಳ್ಳುತ್ತದೆ. ಬೆಳಕನ್ನು ಹೀರುವ ರಚನೆಯೂ ಕಾವನ್ನು ಹೊರಗೆಡಹುವ ರಚನೆಯೂ ಒಂದೇ ರೆಕ್ಕೆಯ ಮೇಲೆ ಇರಬಲ್ಲವು ಎಂಬುದು ನಮ್ಮ ಮುಂದಿನ ವಿಚಾರಕ್ಕೆ ಅಡಿಗಲ್ಲು.

೪. ಹೀರಿದುದನ್ನು ಉಳಿಸಿಕೊಳ್ಳುವ ಬಗೆ

ಕಾದ ವಸ್ತುವೆಲ್ಲವೂ ಕಿರಣಗಳನ್ನು ಹೊರಸೂಸುತ್ತದೆ. ಇದಕ್ಕೆ ಉತ್ಸರ್ಜನೆಯೆಂದು ಹೆಸರು. ಯಾವ ತರಂಗಾಂತರದ ಬೆಳಕನ್ನು ವಸ್ತುವು ಚೆನ್ನಾಗಿ ಹೀರುವುದೋ ಅದೇ ತರಂಗಾಂತರದ ಬೆಳಕನ್ನು ಅದು ಚೆನ್ನಾಗಿ ಉತ್ಸರ್ಜಿಸುವುದೆಂಬುದು ಹತ್ತೊಂಬತ್ತನೆಯ ಶತಮಾನದಲ್ಲಿ ಕಿರ್ಕಾಫನು ಸ್ಥಾಪಿಸಿದ ನಿಯಮ. ಹಾಗಾದರೆ ಬಿಸಿಲನ್ನು ಪೂರ್ಣವಾಗಿ ಹೀರುವ ವಸ್ತುವು ಕಾವನ್ನೂ ಪೂರ್ಣವಾಗಿ ಕಳೆದುಕೊಳ್ಳಬೇಕಲ್ಲವೇ?

ಹಾಗೇನೂ ಇಲ್ಲ. ಕಾರಣವೇನೆಂದರೆ, ಒಳಬರುವ ಕಿರಣಗಳ ತರಂಗಾಂತರ ಬೇರೆ, ಹೊರಹೋಗುವ ಕಿರಣಗಳ ತರಂಗಾಂತರ ಬೇರೆ. ಬಿಸಿಲು ೨,೫೦೦ ನ್ಯಾನೊಮೀಟರಿನೊಳಗೆ ಬಹುಮಟ್ಟಿಗೆ ಮುಗಿಯುತ್ತದೆ. ೬೦ ಡಿಗ್ರಿ ಸೆಲ್ಸಿಯಸ್ ಕಾವಿನ ವಸ್ತುವಿನ ಉತ್ಸರ್ಜನೆಯು ೮,೭೦೦ ನ್ಯಾನೊಮೀಟರಿನ ಬಳಿ ಶಿಖರವನ್ನು ಮುಟ್ಟುತ್ತದೆ. ೩,೦೦೦ಕ್ಕಿಂತ ಕೆಳಗೆ ಅದು ಇಲ್ಲವೆಂದೇ ಹೇಳಬಹುದು. ಎರಡರ ನಡುವೆ ತೆರಪಿದೆ. ಆ ತೆರಪಿನ ಈಚೆಗೆ ಕಪ್ಪಾಗಿಯೂ ಆಚೆಗೆ ಕನ್ನಡಿಯಾಗಿಯೂ ವರ್ತಿಸುವ ಮೇಲ್ಮೈಯನ್ನು ತಯಾರಿಸಿದರೆ ಕಿರ್ಕಾಫನ ನಿಯಮಕ್ಕೆ ಭಂಗ ಬಾರದಂತೆ ಕಾವನ್ನು ಸೆರೆಹಿಡಿಯಬಹುದು. ಇಂಥ ಮೇಲ್ಮೈಗೆ ಆಯ್ದು ಹೀರುವ ಮೇಲ್ಮೈಯೆಂದು ಹೆಸರು. ೧೯೫೫ರಲ್ಲಿ ಇಸ್ರೇಲಿನ ಹ್ಯಾರಿ ಟೇಬರ್ ಅವರು ಇದನ್ನು ಸೌರಯಂತ್ರಗಳಿಗೆ ಅಳವಡಿಸುವ ಮಾರ್ಗವನ್ನು ತೋರಿಸಿಕೊಟ್ಟರು.

ನ್ಯಾನೊ ಅಳತೆಗೆ ಪ್ರಾಮುಖ್ಯ ಬರುವುದು ಇಲ್ಲಿಯೇ. ನಯವಾದ ತಾಮ್ರದ ಮೇಲೆ ನೂರು ನ್ಯಾನೊಮೀಟರಿನ ಆಸುಪಾಸಿನ ದಪ್ಪವುಳ್ಳ ಕಪ್ಪು ಲೇಪವೊಂದನ್ನು ಹಚ್ಚಿದೆವೆಂದು ಭಾವಿಸೋಣ. ಐನೂರು ನ್ಯಾನೊಮೀಟರಿನ ಹಸಿರು ಬೆಳಕಿಗೆ ಆ ದಪ್ಪ ಲೆಕ್ಕಕ್ಕೆ ಸಿಕ್ಕುವಂಥದು. ಬೆಳಕು ಅದರಲ್ಲಿ ಸಿಲುಕಿಕೊಳ್ಳುತ್ತದೆ. ಆದರೆ ಎಂಟೊಂಬತ್ತು ಸಾವಿರ ನ್ಯಾನೊಮೀಟರಿನ ಕಾವಿನ ಕಿರಣಕ್ಕೆ ಆ ಲೇಪವು ಇದ್ದೂ ಇಲ್ಲದಂತೆ. ಅದು ಕಾಣುವುದು ಕೆಳಗಿನ ತಾಮ್ರವನ್ನು ಮಾತ್ರ. ತೋಡಿನ ನೀರಿನಲ್ಲಿರುವ ಸಣ್ಣ ಕಲ್ಲು ಕಿರುತೆರೆಯನ್ನು ಒಡೆಯಬಲ್ಲುದು, ಮಳೆಗಾಲದ ಕುಮಾರಧಾರೆಯ ದೊಡ್ಡ ತೆರೆಯಾದರೋ ಅದನ್ನು ಗಣಿಸುವುದೇ ಇಲ್ಲ. ನಯವಾದ ತಾಮ್ರವು ಅವಕೆಂಪು ಕಿರಣಗಳಿಗೆ ಉತ್ತಮ ಕನ್ನಡಿ. ಕನ್ನಡಿಯು ಬಹು ಕಡಮೆ ಉತ್ಸರ್ಜಿಸುತ್ತದೆ. ಅದೇ ಲೇಪವನ್ನು ನೂರುಪಟ್ಟು ದಪ್ಪಗೆ ಬಳಿದರೆ ಈ ಗುಣ ಅಳಿದುಹೋಗಿ, ಅದು ಸಾಮಾನ್ಯ ಕಪ್ಪು ಬಣ್ಣವಾಗಿಬಿಡುತ್ತದೆ.

ಈ ತತ್ತ್ವದ ಮೇಲೆ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ಗಣ್ಯವಾದ ಕೆಲಸ ನಡೆದಿದೆ. ಹರೀಶ್ ಬರ್ಶಿಲಿಯಾ ಮತ್ತು ಸಂಗಡಿಗರು ೨೦೦೬ರಲ್ಲಿ ತಾಮ್ರದ ಮೇಲಿನ ಮೂರು ಪದರಗಳ ಲೇಪವೊಂದನ್ನು ಪ್ರಕಟಿಸಿದರು. ತಳದಲ್ಲಿ ಟೈಟೇನಿಯಂ ಅಲ್ಯೂಮಿನಿಯಂ ನೈಟ್ರೈಡ್, ನಡುವೆ ಅದೇ ಧಾತುಗಳಿಗೆ ಆಮ್ಲಜನಕ ಬೆರೆತ ಆಕ್ಸಿನೈಟ್ರೈಡ್, ಮೇಲೆ ಸಿಲಿಕಾನ್ ನೈಟ್ರೈಡ್. ಮೂರೂ ಸೇರಿ ಮೈಕ್ರೊಮೀಟರಿನ ಒಂದು ಚಿಕ್ಕ ಭಾಗದಷ್ಟೇ ದಪ್ಪ. ತಳದ ಪದರಕ್ಕೆ ಲೋಹದ ಗುಣ ಹೆಚ್ಚು. ಮೇಲೆ ಹೋದಂತೆ ಅದು ತಗ್ಗಿ, ಕಡೆಯ ಪದರವು ಗಾಜಿನಂತೆ ಪಾರದರ್ಶಕವಾಗಿದೆ. ಬೆಳಕನ್ನು ಬಾಗಿಲಲ್ಲಿ ತಡೆಯದೆ ಮೆಟ್ಟಿಲುಮೆಟ್ಟಿಲಾಗಿ ಒಳಗಿಳಿಸುವ ಏರ್ಪಾಡು ಇದು. ಮಸಿಯ ಜಾಲವು ಗಾಳಿಯಿಂದ ಸಾಧಿಸಿದುದನ್ನೇ ಇಲ್ಲಿ ಪದರಗಳಿಂದ ಸಾಧಿಸಲಾಗಿದೆ. ಈ ಲೇಪವು ಬಿಸಿಲಿನ ನೂರಕ್ಕೆ ೯೫ ಭಾಗವನ್ನು ಹೀರುತ್ತದೆ. ಸುಮಾರು ೮೦ ಡಿಗ್ರಿಯ ಕಾವಿನಲ್ಲಿ ಅಳೆದ ಅದರ ಉತ್ಸರ್ಜನೆಯಾದರೋ ಪೂರ್ಣ ಕಪ್ಪು ವಸ್ತುವಿನ ನೂರಕ್ಕೆ ೭ ಭಾಗ ಮಾತ್ರ.

೫. ನ್ಯಾನೊ ರಚನೆಯು ಹೊಸ ಕಾವನ್ನು ಹುಟ್ಟಿಸುವುದೇ?

ನ್ಯಾನೊ ಎಂಬ ಶಬ್ದಕ್ಕೆ ಇಂದು ಮಂತ್ರದ ಪ್ರಭಾವ ಬಂದಿರುವುದರಿಂದ ಒಂದು ಮಾತನ್ನು ಸ್ಪಷ್ಟಪಡಿಸಬೇಕಾಗಿದೆ. ಚಿನ್ನದ ಸೂಕ್ಷ್ಮ ಕಣಗಳು ಸುಮಾರು ೫೨೦ ನ್ಯಾನೊಮೀಟರಿನ ಬೆಳಕನ್ನು ಬಲವಾಗಿ ಹೀರಿ ಕಾಯುತ್ತವೆಂಬುದು ಪ್ರಸಿದ್ಧವಾಗಿದೆ. ಲೋಹದೊಳಗಿನ ಎಲೆಕ್ಟ್ರಾನುಗಳು ಆ ಬೆಳಕಿನೊಡನೆ ಹೊಂದಿಕೊಂಡು ಒಟ್ಟಾಗಿ ತೂಗಾಡುವುದೇ ಇದಕ್ಕೆ ಕಾರಣ. ಹಾಗಾದರೆ ನೀರಿನಲ್ಲಿ ತೇಲುವ ಇಂಥ ಒಂದು ಕಣವು ಬಿಸಿಲಿನಲ್ಲಿ ಎಷ್ಟು ಬಿಸಿಯಾಗುತ್ತದೆ?

೪೦ ನ್ಯಾನೊಮೀಟರು ವ್ಯಾಸದ ಕಣವು ತನ್ನ ಅತ್ಯಂತ ಪ್ರಿಯವಾದ ತರಂಗಾಂತರದಲ್ಲಿ ಹೀರುವ ಬೆಳಕು, ಸುಮಾರು ೩,೦೦೦ ಚದರ ನ್ಯಾನೊಮೀಟರಿನ ಮೇಲೆ ಬಿದ್ದ ಬೆಳಕಿಗೆ ಸಮ. ಅದು ಕಣದ ಸ್ವಂತ ಅಡ್ಡಕೊಯ್ತದ ಎರಡು ಪಾಲಿಗೂ ಮಿಕ್ಕಿದುದು. ಬಿಸಿಲೆಲ್ಲವೂ ಅದಕ್ಕೆ ಪ್ರಿಯವಾದ ತರಂಗಾಂತರದಲ್ಲಿಯೇ ಇದೆಯೆಂದು ಉದಾರವಾಗಿ ಭಾವಿಸಿ, ನೀರಿನ ಉಷ್ಣವಾಹಕತೆಯನ್ನು ಗಣನೆಗೆ ತಂದು ಲೆಕ್ಕ ಹಾಕಿದರೂ ಸುತ್ತಲ ನೀರಿಗಿಂತ ಆ ಕಣದ ಕಾವು ಒಂದು ಡಿಗ್ರಿಯ ಲಕ್ಷದ ಎರಡು ಭಾಗಗಳಷ್ಟು ಮಾತ್ರ ಏರುತ್ತದೆ. ಲೇಸರಿನ ಕೇಂದ್ರೀಕೃತ ಕಿರಣದಲ್ಲಿ ಕಣವು ನೀರನ್ನು ಕುದಿಸಬಲ್ಲುದು. ಬರಿಯ ಬಿಸಿಲಿನಲ್ಲಿ ಒಂಟಿ ಕಣದಿಂದ ಏನೂ ಆಗದು. ಕೋಟಿಗಟ್ಟಲೆ ಕಣಗಳು ಒಟ್ಟಾಗಿ ಬಿಸಿಲನ್ನು ಪೂರ್ತಿಯಾಗಿ ಹೀರಿದಾಗ ನೀರು ಕಾಯುತ್ತದೆ. ಆದರೆ ಆಗಲೂ ದೊರೆಯುವ ಶಕ್ತಿಯು ಆ ವಿಸ್ತೀರ್ಣದ ಮೇಲೆ ಬಿದ್ದ ಬಿಸಿಲಿಗಿಂತ ಒಂದು ಕಾಸೂ ಹೆಚ್ಚಲ್ಲ.

ಆದುದರಿಂದ ಸಾರಾಂಶವಾಗಿ ಹೀಗೆ ಹೇಳಬಹುದು: ಸೂಕ್ಷ್ಮರಚನೆಯು ಶಕ್ತಿಯನ್ನು ಸೃಷ್ಟಿಸುವುದಿಲ್ಲ. ಬಂದ ಶಕ್ತಿಯಲ್ಲಿ ಎಷ್ಟು ಒಳಗೆ, ಎಷ್ಟು ಹೊರಗೆ ಎಂಬ ಹಂಚಿಕೆಯನ್ನು ಮಾತ್ರ ಅದು ನಿರ್ಧರಿಸುತ್ತದೆ. ಆ ಹಂಚಿಕೆಯ ಬೆಲೆ ಎಷ್ಟೆಂಬುದು ನಾವು ಬಯಸುವ ಕಾವಿನ ಮಟ್ಟವನ್ನು ಅವಲಂಬಿಸಿದೆ.

೬. ಅಡಿಕೆಯ ಅಂಗಳದ ಲೆಕ್ಕ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸುತ್ತಲ ಗಾಳಿ ೩೦ ಡಿಗ್ರಿ ಇರುವಾಗ ಒಂದು ಚದರ ಮೀಟರಿನ ಕಪ್ಪು ತಗಡನ್ನು ೬೦ ಡಿಗ್ರಿಗೆ ಏರಿಸಿ ನಿಲ್ಲಿಸಬೇಕೆಂದು ಇಟ್ಟುಕೊಳ್ಳೋಣ. ಸಾಮಾನ್ಯ ಕಪ್ಪು ಬಣ್ಣದ ಉತ್ಸರ್ಜನೆ ನೂರಕ್ಕೆ ೯೦. ಸ್ಟೆಫಾನ್ ಮತ್ತು ಬೋಲ್ಟ್ಸ್‌ಮನ್ನರ ನಿಯಮದಂತೆ ವಿಕಿರಣದಿಂದ ಆಗುವ ನಷ್ಟ ಸುಮಾರು ೨೦೦ ವಾಟ್. ಬೆಂಗಳೂರಿನ ಲೇಪದಂಥ ಮೇಲ್ಮೈಯಾದರೆ ಈ ನಷ್ಟ ೧೫ ವಾಟಿಗೆ ಇಳಿಯುತ್ತದೆ. ಇದು ದೊಡ್ಡ ಉಳಿತಾಯದಂತೆ ತೋರುತ್ತದೆ. ಆದರೆ ಬಯಲಿನಲ್ಲಿ ಬೀಸುವ ಮಂದ ಗಾಳಿಯೂ ಅದೇ ತಗಡಿನಿಂದ ಸುಮಾರು ೩೦೦ ವಾಟನ್ನು ಹೊತ್ತೊಯ್ಯುತ್ತದೆ. ಗಾಳಿಯು ಲೇಪವನ್ನು ಲೆಕ್ಕಿಸುವುದಿಲ್ಲ.

ಮೇಲೆ ಒಂದು ಪಾರದರ್ಶಕ ಹೊದಿಕೆಯನ್ನು ಹಾಕಿದರೆ ಏನಾಗುತ್ತದೆಂಬುದನ್ನು ನೋಡೋಣ. ಹೊದಿಕೆಯಿಲ್ಲದ ಕಪ್ಪು ತಗಡಿನ ಒಟ್ಟು ನಷ್ಟ ಸುಮಾರು ೫೦೦ ವಾಟ್. ಒಂದು ಗಾಜಿನ ಹೊದಿಕೆಯುಳ್ಳ ಅದೇ ತಗಡಿನ ನಷ್ಟ ಸುಮಾರು ೨೨೦. ಗಾಜೂ ಆಯ್ದು ಹೀರುವ ಲೇಪವೂ ಎರಡೂ ಇದ್ದರೆ ಸುಮಾರು ೧೨೦. ಅಂದರೆ ಸಾಮಾನ್ಯ ಗಾಜು ೨೮೦ ವಾಟನ್ನು ಉಳಿಸಿದರೆ, ದುಬಾರಿಯಾದ ಸೂಕ್ಷ್ಮಲೇಪವು ಅದರ ಮೇಲೆ ಉಳಿಸುವುದು ೧೦೦ ವಾಟನ್ನು ಮಾತ್ರ.

ಅಡಿಕೆಯ ವಿಷಯದಲ್ಲಿ ಇನ್ನೂ ಎರಡು ಅಂಶಗಳಿವೆ. ಮೊದಲನೆಯದು, ಅಂಗಳದಲ್ಲಿ ಬಿಸಿಲನ್ನು ಹೀರುವುದು ತಗಡಲ್ಲ, ಸ್ವತಃ ಅಡಿಕೆ. ಅದಕ್ಕೆ ಯಾವ ಲೇಪವನ್ನೂ ಹಚ್ಚುವಂತಿಲ್ಲ. ಎರಡನೆಯದು, ಒಣಗುವಿಕೆಯ ವೇಗವನ್ನು ನಿರ್ಧರಿಸುವುದು ಬಿಸಿಲಿನ ಪ್ರಮಾಣವೊಂದೇ ಅಲ್ಲ. ಒಂದು ಕಿಲೋಗ್ರಾಂ ನೀರನ್ನು ಆವಿಯಾಗಿಸಲು ಸುಮಾರು ೨,೪೦೦ ಕಿಲೋಜೌಲ್ ಬೇಕು. ಒಂದು ಚದರ ಮೀಟರಿನ ಮೇಲೆ ಒಂದು ದಿನದಲ್ಲಿ ೫ ಯೂನಿಟ್, ಅಂದರೆ ೧೮,೦೦೦ ಕಿಲೋಜೌಲ್ ಬಿಸಿಲು ಬಿತ್ತೆಂದರೆ, ಅದರಿಂದ ಏಳೂವರೆ ಕಿಲೋಗ್ರಾಂ ನೀರು ಆರಬಹುದು. ಬರಿಯ ಶಕ್ತಿಯ ಲೆಕ್ಕದಂತೆ ಅಂಗಳದ ಅಡಿಕೆ ಕೆಲವೇ ದಿನಗಳಲ್ಲಿ ಒಣಗಿಬಿಡಬೇಕಿತ್ತು. ಆದರೆ ತಿಂಗಳಿಗೂ ಮೇಲೆ ಹಿಡಿಯುತ್ತದೆ. ಕಾರಣವೇನೆಂದರೆ ತಿರುಳಿನ ನೀರು ದಪ್ಪ ಸಿಪ್ಪೆಯ ನಾರನ್ನು ದಾಟಿ ಹೊರಬರುವುದು ನಿಧಾನ. ಅಡಿಕೆಯನ್ನು ಎರಡು ಹೋಳಾಗಿ ಸೀಳಿ ಒಣಗಿಸಿದರೆ ದಿನಗಳು ಬಹಳ ಕಡಮೆಯಾಗುವುದು ಇದಕ್ಕೆ ಸಾಕ್ಷಿ. ಇಡಿಯಾದ ಚಾಲಿಗೇ ಬೆಲೆಯಿರುವೆಡೆ ಸೀಳುವ ಉಪಾಯ ಹೊಂದದೆಂಬುದು ಬೇರೆ ಮಾತು.

ಈ ಸೀಮೆಯ ಅನೇಕ ಕೃಷಿಕರು ಅಂಗಳದ ಮೇಲೆ ಪ್ಲಾಸ್ಟಿಕ್ ಹಾಳೆಯ ಮಾಡನ್ನು ಕಟ್ಟಿ ಅಡಿಕೆ ಒಣಗಿಸುವುದನ್ನು ರೂಢಿಗೆ ತಂದಿದ್ದಾರೆ. ಭೌತವಿಜ್ಞಾನದ ದೃಷ್ಟಿಯಿಂದ ಇದು ಯುಕ್ತವಾದ ಕ್ರಮ. ಹೊದಿಕೆಯು ಗಾಳಿಯಿಂದಾಗುವ ನಷ್ಟವನ್ನು ತಡೆಯುತ್ತದೆ. ಅಕಾಲದ ಮಳೆಯಿಂದ ರಕ್ಷಿಸುತ್ತದೆ. ತೆಳ್ಳನೆಯ ಪಾಲಿಥೀನ್ ಹಾಳೆಯು ಗಾಜಿನಂತಲ್ಲದೆ ಅವಕೆಂಪು ಕಿರಣಗಳನ್ನು ಬಹುಮಟ್ಟಿಗೆ ಹೊರಗೆ ಬಿಡುವುದು ನಿಜ. ಆದರೂ ಅದರ ಮುಖ್ಯ ಉಪಕಾರಕ್ಕೆ ಇದರಿಂದ ಕುಂದಿಲ್ಲ. ಹೊದಿಕೆಯ ಒಳಮೈಯಲ್ಲಿ ಹನಿಗಳು ಕಟ್ಟಿದರೆ ಮಾತ್ರ ಎಚ್ಚರ ವಹಿ‌ಸಬೇಕು. ಆವಿಯು ಹೊರಗೆ ಹೋಗಲು ದಾರಿಯಿಲ್ಲವೆಂಬುದರ ಸೂಚನೆ ಅದು. ಆವಿ ತುಂಬಿದ ಗಾಳಿಯಲ್ಲಿ ಎಷ್ಟು ಕಾವಿದ್ದರೂ ಅಡಿಕೆ ಒಣಗದು, ಬೂಷ್ಟು ಮಾತ್ರ ಬೆಳೆಯುತ್ತದೆ. ಆದಕಾರಣ ಹಣವನ್ನು ವೆಚ್ಚಮಾಡುವ ಕ್ರಮವು ಮೊದಲು ಹೊದಿಕೆ, ಬಳಿಕ ಗಾಳಿಯಾಡುವ ಕಿಂಡಿ, ಇವೆರಡೂ ಆದ ಮೇಲೆ ಉಳಿದರೆ ಕಪ್ಪು ನೆಲ ಎಂದಿರಬೇಕು. ನ್ಯಾನೊ ಲೇಪಕ್ಕೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲ.

೭. ಲೇಪವು ಅನಿವಾರ್ಯವಾಗುವೆಡೆ

ಹಾಗೆಂದು ಸೂಕ್ಷ್ಮಲೇಪವು ನಿಷ್ಪ್ರಯೋಜಕವೆಂದು ತಿಳಿಯಬಾರದು. ವಿಕಿರಣದ ನಷ್ಟವು ನಿರಪೇಕ್ಷ ತಾಪದ ನಾಲ್ಕನೆಯ ಘಾತದಂತೆ ಏರುತ್ತದೆ. ಉಗಿಯಿಂದ ವಿದ್ಯುತ್ತನ್ನು ಉತ್ಪಾದಿಸಲು ೪೦೦ ಡಿಗ್ರಿಯ ಕಾವು ಬೇಕೆನ್ನೋಣ. ಆಗ ಸಾಮಾನ್ಯ ಕಪ್ಪು ಮೇಲ್ಮೈಯ ಪ್ರತಿ ಚದರ ಮೀಟರಿನಿಂದ ಸುಮಾರು ೧೦,೦೦೦ ವಾಟ್ ಸೋರಿಹೋಗುತ್ತದೆ. ಅದು ಬಿಸಿಲಿನ ಹತ್ತು ಪಾಲು. ನೂರಕ್ಕೆ ೭ರ ಉತ್ಸರ್ಜನೆಯನ್ನು ಆ ಕಾವಿನಲ್ಲಿಯೂ ಕಾಯ್ದುಕೊಂಡ ಲೇಪವಾದರೆ ನಷ್ಟವು ೮೦೦ ವಾಟಿನ ಒಳಗೆ ನಿಲ್ಲುತ್ತದೆ. ಕಾವಿನೊಡನೆ ಉತ್ಸರ್ಜನೆಯೂ ಸ್ವಲ್ಪ ಏರುವುದರಿಂದ ವಾಸ್ತವದಲ್ಲಿ ಇನ್ನಷ್ಟು ಹೆಚ್ಚಬಹುದು. ದರ್ಪಣಗಳಿಂದ ಬಿಸಿಲನ್ನು ಕೇಂದ್ರೀಕರಿಸುವ ಸೌರಸ್ಥಾವರಗಳಲ್ಲಿ ಲೇಪವು ಅಲಂಕಾರವಲ್ಲ, ಜೀವಾಳ.

ಮನೆಗಳ ಮಾಡಿನ ಮೇಲೆ ಕಾಣುವ ಸೌರ ಜಲತಾಪಕದ ಗಾಜಿನ ಕೊಳವೆಗಳದು ನಡುವಣ ಸ್ಥಿತಿ. ಅಲ್ಲಿ ಎರಡು ಗಾಜುಗಳ ನಡುವಿನ ಗಾಳಿಯನ್ನು ಬರಿದು ಮಾಡಿರುತ್ತಾರೆ. ಗಾಳಿಯೇ ಇಲ್ಲವಾದ ಕಾರಣ ಅದು ಕಾವನ್ನು ಒಯ್ಯುವ ಮಾತಿಲ್ಲ. ಉಳಿಯುವುದು ವಿಕಿರಣದ ನಷ್ಟ ಮಾತ್ರ. ಆದುದರಿಂದ ೬೦-೭೦ ಡಿಗ್ರಿಯ ಸಾಧಾರಣ ಕಾವಿಗೂ ಒಳಗೊಳವೆಯ ಮೇಲಿನ ಕಡುನೀಲಿ ಛಾಯೆಯ ಸೂಕ್ಷ್ಮಲೇಪವು ನಿರ್ಣಾಯಕವಾಗುತ್ತದೆ. ಒಂದೇ ಲೇಪ, ಒಂದೇ ಕಾವು. ಆದರೆ ಗಾಳಿ ಇದ್ದಾಗ ಅಲ್ಪಲಾಭ, ಇಲ್ಲದಿದ್ದಾಗ ಮಹಾಲಾಭ.

೮. ಕಾಲೇಜುಗಳಲ್ಲಿ ನಡೆಸಬಹುದಾದ ಪ್ರಯೋಗಗಳು

ಮೇಲಿನ ವಿಚಾರಗಳಲ್ಲಿ ಮೂರನ್ನು ಯಾವುದೇ ಕಾಲೇಜಿನ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬಹುದು.

ಮೊದಲನೆಯದು: ಒಂದೇ ಅಳತೆಯ ಮೂರು ಅಲ್ಯೂಮಿನಿಯಂ ತಗಡುಗಳನ್ನು ತೆಗೆದುಕೊಂಡು ಒಂದನ್ನು ಹಾಗೆಯೇ ಬಿಟ್ಟು, ಒಂದಕ್ಕೆ ಕಪ್ಪು ಬಣ್ಣ ಬಳಿದು, ಒಂದಕ್ಕೆ ಹಣತೆಯ ಮಸಿ ಹಿಡಿಸಬೇಕು. ಮೂರರ ಹಿಂಬದಿಗೂ ಉಷ್ಣಮಾಪಕವನ್ನು ಅಂಟಿಸಿ, ಮೊದಲು ಬಯಲಿನಲ್ಲಿಯೂ ಅನಂತರ ಗಾಜಿನ ಮುಚ್ಚಳದ ಕೆಳಗೂ ಇರಿಸಿ ಕಾವನ್ನು ಗುರುತಿಸಬೇಕು. ಬಣ್ಣಕ್ಕೂ ಮಸಿಗೂ ಇರುವ ಅಂತರಕ್ಕಿಂತ ಗಾಜು ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರವೇ ದೊಡ್ಡದೆಂಬುದು ವಿದ್ಯಾರ್ಥಿಗಳಿಗೆ ಮನದಟ್ಟಾಗುವುದು.

ಎರಡನೆಯದು: ತಾನಾಗಿ ಸತ್ತು ಬಿದ್ದ ಸಾಮಾನ್ಯ ಜಾತಿಯ ಚಿಟ್ಟೆಯ ಕಪ್ಪು ರೆಕ್ಕೆಯ ತುಣುಕನ್ನು ಗಾಜಿನ ಪಟ್ಟಿಯ ಮೇಲಿರಿಸಿ, ಸೂಕ್ಷ್ಮದರ್ಶಕದ ಕೆಳಗೆ ಒಂದು ಹನಿ ಸ್ಪಿರಿಟನ್ನು ಹಾಕಿ, ಹಾಯ್ದು ಬರುವ ಬೆಳಕು ಹೆಚ್ಚುವುದನ್ನೂ ಸ್ಪಿರಿಟು ಆರಿದೊಡನೆ ಕಪ್ಪು ಮರಳುವುದನ್ನೂ ನೋಡಬೇಕು. ಇದಕ್ಕಾಗಿ ಚಿಟ್ಟೆಗಳನ್ನು ಹಿಡಿಯಕೂಡದು. ಹಲವು ಜಾತಿಗಳಿಗೆ ಕಾನೂನಿನ ರಕ್ಷಣೆಯಿದೆ.

ಮೂರನೆಯದು ಈ ಸೀಮೆಗೆ ಹೆಚ್ಚು ಪ್ರಯೋಜನಕರವಾದುದು: ಇಡಿ ಅಡಿಕೆ, ಸೀಳಿದ ಅಡಿಕೆ ಇವುಗಳನ್ನು ಬಯಲಿನಲ್ಲಿಯೂ, ಕಿಂಡಿಯಿರುವ ಹೊದಿಕೆಯಡಿಯಲ್ಲಿಯೂ, ಕಿಂಡಿಯಿಲ್ಲದ ಹೊದಿಕೆಯಡಿಯಲ್ಲಿಯೂ ಇರಿಸಿ, ದಿನವೂ ಒಂದೇ ಹೊತ್ತಿನಲ್ಲಿ ತೂಗಿ, ತೂಕ ಇಳಿಯುವ ರೇಖೆಯನ್ನು ಬಿಡಿಸಬೇಕು. ಮೂರು ತಾಲ್ಲೂಕುಗಳ ಕಾಲೇಜುಗಳು ಒಂದೇ ಕ್ರಮವನ್ನು ಅನುಸರಿಸಿ ಒಂದು ಕೊಯ್ಲಿನ ಕಾಲವಿಡೀ ಇದನ್ನು ನಡೆಸಿದರೆ, ಪುತ್ತೂರಿನ ಬಯಲಿಗೂ ಘಟ್ಟದ ಬುಡದ ಸುಳ್ಯ, ಕಡಬಗಳ ನೆರಳು ಕಣಿವೆಗಳಿಗೂ ಇರುವ ವ್ಯತ್ಯಾಸವು ಅಂಕಿಗಳಲ್ಲಿ ದೊರೆಯುತ್ತದೆ. ಹೊದಿಕೆಗೆ ಎಷ್ಟು ಕಿಂಡಿ ಬೇಕು, ಎಲ್ಲಿ ಬೇಕು ಎಂಬ ಪ್ರಶ್ನೆಗೆ ಅಂಥ ಅಂಕಿಗಳಿಂದಲೇ ಉತ್ತರ ದೊರೆಯಬೇಕು. ಈ ಕೆಲಸಕ್ಕೆ ಬೇಕಾದುದು ತಕ್ಕಡಿ, ಉಷ್ಣಮಾಪಕ ಮತ್ತು ನಲವತ್ತು ದಿನಗಳ ತಾಳ್ಮೆ.